ಮಲಾಡಿನಲ್ಲಿ ಮಲ್ಪೆಯ ಭರತಿ

ನಮ್ಮ ಯಜಮಾನರು ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಮಾತು ಕೇಳಿದರೆ ಮಾತ್ರ ಜೀವಮಾನವಿಡೀ ದೋಣಿ ನಡೆಸಿದವರು ಎನ್ನಬೇಕು. ಹುಟ್ಟಿದ್ದು ಮಲ್ಪೆಯಲ್ಲಿ, ಅಷ್ಟೇ ಬಂಡವಾಳ.

ಮಲಾಡಿನಲ್ಲಿ ನಮ್ಮ ಚಾಳು ಸಮುದ್ರದ ನೀರು ಒಳಬರುವ ಖಾಡಿಯ ಬದಿಗಿದೆ. ಜೋರು ಮಳೆಯೂ ಭರತಿಯೂ ಒಟ್ಟಿಗೆ ಬಂದರೆ ಗಟಾರದ ನೀರು ಹೊರಹೋಗದೆ ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಹಾಗಾಗಿ ಸಮುದ್ರ ಎಷ್ಟು ಹೊತ್ತಿಗೆ ಉಕ್ಕುತ್ತದೆಂದು ಎಲ್ಲರೂ ಇವರನ್ನು ಕೇಳುತ್ತಾರೆ. ಇವರು ತಿಥಿ ನೋಡಿ, ಬೆರಳು ಮಡಚಿ, ಆಕಾಶವನ್ನೊಮ್ಮೆ ದಿಟ್ಟಿಸಿ ಹೇಳುತ್ತಾರೆ. ಆಕಾಶಕ್ಕೂ ಲೆಕ್ಕಕ್ಕೂ ಸಂಬಂಧವಿಲ್ಲ, ಅದು ಬರೀ ಗತ್ತಿಗೆ.

ಮದುವೆಯಾದಂದಿನಿಂದ ಇವರದೊಂದು ತಪ್ಪು ಹಿಡಿಯಬೇಕೆಂದು ನಾನು ಕಾದಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೂ ಇವರದೇ ಸರಿ, ಲೋಕಲ್ ತಪ್ಪಿದರೂ ಇವರದೇ ಸರಿ. ಕಳೆದ ಮಳೆಗಾಲ ಮೊಮ್ಮಗಳು ನನ್ನ ಮೊಬೈಲಿನಲ್ಲಿ ಭರತಿಯ ವೇಳೆ ನೋಡುವುದನ್ನು ಕಲಿಸಿದಳು. ಅಮಾವಾಸ್ಯೆಯ ಮರುದಿನ ಬೆಳಿಗ್ಗೆಯಿಂದಲೇ ಜೋರು ಮಳೆ. ಇವರು ಹನ್ನೊಂದೂವರೆ ಎಂದರು, ಮೊಬೈಲು ಹನ್ನೆರಡೂವರೆ ಎಂದಿತು. ಮಲ್ಪೆಯದು ನೋಡಿದೆ, ಅಲ್ಲಿ ಹನ್ನೊಂದೂವರೆ. ಈ ಮಹಾಶಯರು ಮೂವತ್ತು ವರ್ಷ ಮಲಾಡಿನವರಿಗೆ ಮಲ್ಪೆಯ ಸಮುದ್ರ ಹೇಳುತ್ತಿದ್ದರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಎಲ್ಲರೆದುರು ಹೇಳಿ ಇವರ ಮುಖ ನೋಡಬೇಕಿತ್ತು. ಇವರು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಕೆಳಗಿಳಿದು, ಮೊದಲನೇ ಮನೆಯ ವಿಜಯಪುರದ ಕಡೆಯ ಹೆಂಗಸಿಗೆ ಮೊಬೈಲು ತೋರಿಸಿದೆ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ನಮಗ ಗೊತ್ತೈತ್ರಿ ಕಾಕು. ಕಾಕಾರು ಹೇಳಿದ್ದಕ್ಕ ಎಲ್ಲಾರೂ ಒಂದ್ ತಾಸು ಕೂಡಿಸ್ಕೊಂತೀವಿ."

ಹಾಗಾದರೆ ಕೇಳುವುದು ಯಾಕೆ ಎಂದೆ.

"ಮೊಬೈಲ್ ಟೈಮ್ ಅಷ್ಟ ಹೇಳ್ತೈತ್ರಿ. ಕಾಕಾರು ಬಂದು ಅಕ್ಕಿ ಡಬ್ಬಿ ಎತ್ತಿ ಮಂಚದ ಮ್ಯಾಲ ಇಡ್ತಾರ. ಅವರಿಗೆ ಹೇಳಬ್ಯಾಡ್ರಿ, ಮತ್ತ ಕೆಳಗ ಇಳಿಯಂಗಿಲ್ಲ."

ಅಷ್ಟರಲ್ಲಿ ಇವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಮನೆಮನೆಗೆ ನುಗ್ಗಿ ಡಬ್ಬಿ, ಗ್ಯಾಸ್, ಮಕ್ಕಳ ಪುಸ್ತಕ ಎಲ್ಲ ಮೇಲೇರಿಸಿದರು. ಬೇಡ ಎಂದವರನ್ನು ಗದರಿಸಿದರು. ಹನ್ನೊಂದೂವರೆಗೆ ಗಟಾರ ಸುಮ್ಮನಿತ್ತು. ಹನ್ನೆರಡಕ್ಕೂ ಸುಮ್ಮನಿತ್ತು. ಯಾರೂ ಡಬ್ಬಿ ಕೆಳಗಿಳಿಸಲಿಲ್ಲ. ಹನ್ನೆರಡೂವರೆಗೆ ನೀರು ಹೊಸ್ತಿಲು ದಾಟಿತು.

ಇವರು ಗಡಿಯಾರ ನೋಡಿ ನನ್ನತ್ತ ತಿರುಗಿದರು. "ಇಲ್ಲಿಯ ಸಮುದ್ರಕ್ಕೆ ಶಿಸ್ತೇ ಇಲ್ಲ ಮಾರಾಯ್ತಿ. ನಮ್ಮಲ್ಲಾದ್ರೆ ಟೈಮಿಗೆ ಸರಿ ಬರ್ತದೆ."

ರೊಟ್ಟಿಯವಳು ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕಾದ ಗೆಲುವು ಕೈಯಲ್ಲೇ ಇತ್ತು. ಅರವತ್ತೆಂಟರ ಈ ಮನುಷ್ಯ ಕೆಸರು ನೀರಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದರು, ನನಗೆ ಇವರ ಮೇಲೆ ತುಂಬ ಪ್ರೀತಿ ಬಂತು. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಹೌದು, ಇಲ್ಲಿಯದಕ್ಕೆ ಸ್ವಲ್ಪ ಉದಾಸೀನ" ಎಂದೆ.

ಅಕ್ಕಿ ಡಬ್ಬಿಗಳೆಲ್ಲ ಮಂಚದ ಮೇಲೆ ಒಣಗಿಯೇ ಇದ್ದವು.