ಹೆಸರು ಹೇಳದ ಮದ್ದಿನ ಗಿಡ

ಸಸ್ಯಶಾಸ್ತ್ರದ ಎಂ.ಎಸ್ಸಿ.ಗಾಗಿ ನಾನು ಕಳೆದುಕೊಂಡದ್ದು ಭಟ್ಕಳದ ಸಂತೆಯಲ್ಲಿ ತರಕಾರಿ ಮಾರುತ್ತಿದ್ದ ಜಾಗ. ಉಪನ್ಯಾಸಕನಾದರೆ ತಿಂಗಳ ಸಂಬಳ ಬರುತ್ತದೆಂದು ಅದನ್ನು ಬಿಟ್ಟುಕೊಟ್ಟೆ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾಟಿ ಮದ್ದಿನ ಗಿಡಗಳನ್ನು ಆರಿಸಿಕೊಂಡೆ. ಮಾವಳ್ಳಿಯಲ್ಲಿ ಕಾಮಾಲೆಗೆ ಮದ್ದು ಕೊಡುವ ಅಜ್ಜಿ ನಮ್ಮ ನೆಂಟರೇ, ಕೇಳಿದರೆ ಹೇಳುತ್ತಾರೆ ಎಂಬ ಧೈರ್ಯ.

“ಹೆಸ್ರು ಹೇಳಿದ್ರೆ ಮದ್ದು ಹಿಡೂದಿಲ್ಲ ತಮಾ,” ಎಂದರು ಅಜ್ಜಿ.

“ಹೇಳೂದು ಬ್ಯಾಡ ಅಜ್ಜಿ, ಗಿಡದ ಕಡಿಗೆ ಬೆರಳು ತೋರ್ಸಿದ್ರೆ ಸಾಕು.”

“ಎಂತ, ಬದ್ನೆಕಾಯಿ ಚೌಕಾಶಿಯಾ ಇದು? ನಿಂಗೆ ಕಾಮಾಲೆ ಆದ್ರೆ ಬಾ, ಅರೆದು ಕೊಡ್ತೆ.”

ತಿಂಗಳುಗಟ್ಟಲೆ ಅಲೆದರೂ ಉಳಿದ ಮದ್ದಿನವರದೂ ಅದೇ ಮಾತು. ಗಿಡವೇ ಇಲ್ಲದ ಪ್ರಾಜೆಕ್ಟಿಗೆ ಸಹಿ ಹಾಕುವುದಿಲ್ಲ ಎಂದರು ಕುಮಟಾದ ನನ್ನ ಗೈಡ್. ಕಡೆಗೆ ಅಘನಾಶಿನಿ ಹೊಳೆಯ ಕೆಸರಿಗಿಳಿದು, ಉಪ್ಪುನೀರಲ್ಲಿ ಬೆಳೆಯುವ, ಯಾರೂ ಮುಚ್ಚಿಡದ ಕಾಂಡ್ಲಾ ಅಂದರೆ ಮ್ಯಾಂಗ್ರೋವ್ ಗಿಡಗಳ ಮೇಲೆ ಅವಸರದಲ್ಲಿ ಏನೋ ಬರೆದುಕೊಟ್ಟೆ. ಪಾಸಾದೆ, ಆದರೆ ಅಂಕ ಕುಸಿಯಿತು. ಈಗ ಹೊನ್ನಾವರದಲ್ಲಿ ಅತಿಥಿ ಉಪನ್ಯಾಸಕ. ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಹೆಚ್ಚು ಅಂಕದವರು ಬಂದರೆ ನಾನು ಹೊರಗೆ.

ನೀವೂ ಸಸ್ಯಶಾಸ್ತ್ರ ಓದುವವರಾದರೆ ಕೇಳಿ: ಪ್ರಾಜೆಕ್ಟಿನ ವಿಷಯ ಬರೆದುಕೊಡುವ ಮೊದಲೇ ಮದ್ದಿನವರ ಊರಿಗೆ ಹೋಗಿ, ಒಂದು ಗಿಡವನ್ನಾದರೂ ಹೂವಿನ ಸಮೇತ ಕೈಯಲ್ಲಿ ಹಿಡಿದು ಬನ್ನಿ. ಸಿಗದಿದ್ದರೆ ಅಂದೇ ವಿಷಯ ಬದಲಿಸಿ. ನೆಂಟಸ್ತಿಕೆಯನ್ನು ಮಾತ್ರ ನಂಬಿ ಹೊರಡಬೇಡಿ.