ಸ್ವಾಗತ ಸಮಿತಿ ಮತ್ತು ಸಣ್ಣಕ್ಕನ ಕಂಬಳಿ

ಸ್ವಾಗತ ಎಂಬ ಪದ ಕಂಡರೆ ನನಗೆ ಒಳಗೊಳಗೇ ಸ್ವಲ್ಪ ಭಯ. ಅದನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬೇಕು. ಬಾಗಿಲಿಗೆ ಬಂದ ನೆಂಟರಿಗೆ ನಮ್ಮ ಕಡೆ "ಬರ್ರಿ, ಕೂತ್ಕಳ್ರಿ, ನೀರು ಕೊಡ್ಲಾ" ಅನ್ನುತ್ತಾರೆ. "ತಮಗೆ ಹಾರ್ದಿಕ ಸುಸ್ವಾಗತ" ಎಂದು ಹೇಳಿ ನೋಡಿ, ನೆಂಟರು ಮನೆ ತಪ್ಪಿ ಮದುವೆ ಛತ್ರಕ್ಕೆ ಬಂದೆವೇನೋ ಎಂದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಈ ಪದದ ವಾಸವೆಲ್ಲ ಬೋರ್ಡಿನ ಮೇಲೆ, ಕಮಾನಿನ ಮೇಲೆ, ಕಾಲೊರೆಸುವ ಚಾಪೆಯ ಮೇಲೆ. ಊರಿನ ಬಾಗಿಲಲ್ಲಿ ನಿಂತ ಕಮಾನು ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವವರನ್ನೂ ಭೇದವಿಲ್ಲದೆ ಸ್ವಾಗತಿಸುತ್ತದೆ. ಕಮಾನಿಗೇನು, ಯಾರಿಗೂ ಅದು ಜಾಗ ಬಿಟ್ಟುಕೊಡಬೇಕಾಗಿಲ್ಲ.

ಚಳ್ಳಕೆರೆಯ ನಮ್ಮ ಚರ್ಚಿನ ಗೇಟಿನ ಮೇಲೂ ಅಂಥದೊಂದು ಬೋರ್ಡಿದೆ: ಸರ್ವರಿಗೂ ಸುಸ್ವಾಗತ. ಅದರ ಕೆಳಗೆ ಸೋಮವಾರದಿಂದ ಶನಿವಾರದವರೆಗೆ ಒಂದು ದಪ್ಪ ಬೀಗ ತೂಗುತ್ತಿರುತ್ತದೆ. ನಾನು ಈ ಸಭೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಇಲ್ಲೇ ಕನ್ನಡ ಟೀಚರಾಗಿ ಈ ಸಭೆಯ ಅರ್ಧ ಮಂದಿಗೆ ಕಾಗುಣಿತ ತಿದ್ದಿ ನಿವೃತ್ತಿಯೂ ಆದೆ. ಆದರೆ ತವರು ಮೊಳಕಾಲ್ಮೂರು ನೋಡಿ, ಇವತ್ತಿಗೂ ನಾನು "ಮೊಳಕಾಲ್ಮೂರು ಟೀಚರು". ಸಾರು ಖಾರವಾದರೆ ಅದು ಮೊಳಕಾಲ್ಮೂರಿನ ಕೈ, ಮಾತಿನ ನಡುವೆ ತೆಲುಗು ನುಸುಳಿದರೆ ಅದು ಮೊಳಕಾಲ್ಮೂರಿನ ನಾಲಿಗೆ. ಮದುವೆ ಸೀಸನ್ನಿನಲ್ಲಿ ಮಾತ್ರ "ನಮ್ಮ ಟೀಚರು" ಆಗುತ್ತೇನೆ, ಯಾಕೆಂದರೆ ರೇಷ್ಮೆ ಸೀರೆ ನೇಯುವವರ ಪರಿಚಯ ನನಗಿದೆ. ಇಷ್ಟು ಹೇಳಿದ್ದು ಯಾಕೆಂದರೆ, ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಹುಳಿಯಾಗಿ ಕೇಳಿದರೆ ಕಾರಣ ನಿಮಗೆ ಗೊತ್ತಿರಲಿ.

ಎಲ್ಲರನ್ನೂ ಒಳಗೊಳ್ಳುವ ಸಭೆಯಾಗಬೇಕು ಎಂದು ಮೇಲಿನವರಿಂದ ಒಂದು ಸೂಚನೆ ಬಂತು. ಮೇಲಿನವರು ಎಂದರೆ ದೇವರಲ್ಲ, ಅವನು ಇಂಥದ್ದನ್ನು ಟೈಪು ಮಾಡಿಸುವುದಿಲ್ಲ. ನಮ್ಮಲ್ಲಿ ಯಾವ ಸದ್ಗುಣ ಬೇಕಾದರೂ ಮೊದಲು ಅದಕ್ಕೊಂದು ಸಮಿತಿ ಆಗಬೇಕು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ಸ್ವಾಗತ ಸಮಿತಿ ಮಾಡಿದೆವು. ಎಣ್ಣೆ ಮಿಲ್ಲಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಸ್ವಾಮಿದಾಸರು ಅಧ್ಯಕ್ಷರು. ಸ್ತ್ರೀ ಸಂಘದ ಸುಗುಣಮ್ಮ, ಅಂದರೆ ನನ್ನ ನಾದಿನಿ, ಕಾರ್ಯದರ್ಶಿ. "ಹೊರಗಿನವರೊಬ್ರು ಇರ್ಲಿ" ಎಂದು ನನ್ನನ್ನು ಸದಸ್ಯೆ ಮಾಡಿದರು. ಒಳಗೊಳ್ಳುವ ಕೆಲಸ ಹೀಗೆ ಅಲ್ಲಿಂದಲೇ ಶುರುವಾಯಿತು.

ಸ್ವಾಮಿದಾಸರು ಕೆಟ್ಟವರಲ್ಲ. ಮಿಲ್ಲಿನ ಗೇಟಿನಲ್ಲಿ ಗಾಡಿಗಳನ್ನು ಒಳಗೆ ಬಿಟ್ಟುಕೊಂಡ ಅಭ್ಯಾಸ. ಆ ಶ್ರದ್ಧೆಯಿಂದಲೇ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಕೈ ಮುಗಿದು ಜನರನ್ನು ಬರಮಾಡಿಕೊಳ್ಳುತ್ತಾರೆ. ಆರಾಧನೆ ಮುಗಿಯುವವರೆಗೂ ಅವರು ಕೂತದ್ದನ್ನು ನಾನು ನೋಡಿಲ್ಲ. ಒಳಗೆ ಬಂದವರು ಎಲ್ಲಿ ಕೂರಬೇಕು ಎಂಬುದು ಮಾತ್ರ ಅವರ ಕೈಯಲ್ಲೂ ಇಲ್ಲ. ನಮ್ಮ ಕುರ್ಚಿಗಳ ಮೇಲೆ ಯಾರ ಹೆಸರೂ ಬರೆದಿಲ್ಲ, ಆದರೂ ಯಾವ ಫ್ಯಾನಿನ ಕೆಳಗೆ ಯಾವ ಮನೆತನ ಎಂಬುದು ಪಹಣಿಯಲ್ಲಿ ದಾಖಲಾದಷ್ಟೇ ಖಚಿತ. ತಿಳಿಯದವರು ಕೂತುಬಿಟ್ಟರೆ ನಾವು ಏಳಿ ಅನ್ನುವುದಿಲ್ಲ, ನಾವು ಕ್ರೈಸ್ತರು. ಪಕ್ಕದಲ್ಲಿ ನಿಂತು ನಗುತ್ತೇವೆ ಅಷ್ಟೆ. ಆ ನಗುವಿನ ಮುಂದೆ ಕೂತೇ ಇದ್ದವರು ಇದುವರೆಗೆ ಹುಟ್ಟಿಲ್ಲ.

ಹಿಂದಿನ ಗೋಡೆಗೆ ಒಂದು ಜಮಖಾನ ಹಾಸಿರುತ್ತದೆ. ಅಲ್ಲಿ ಸಣ್ಣಕ್ಕ ಕೂರುತ್ತಾಳೆ. ಅವಳು ನನ್ನಿವಾಳದ ಕಡೆಯವಳು, ಕುರಿ ಕಾಯುವ ಮನೆತನ. ಕುರಿ ಮೇಯುತ್ತಿದ್ದ ಕಾವಲಿನ ಹುಲ್ಲುಗಾವಲಿಗೆ ಗೋಡೆ ಎದ್ದ ಮೇಲೆ ಕುರಿ ಕಡಿಮೆಯಾಗಿ, ಕಂಬಳಿ ಮಾರುವುದು ಹೆಚ್ಚಾಯಿತು. ಭಾನುವಾರದ ಸಂತೆಯಲ್ಲಿ ಒಂದಿಷ್ಟು ಕಂಬಳಿ ಮಾರಿ, ಉಳಿದದ್ದನ್ನು ಹೆಗಲಿಗೇರಿಸಿಕೊಂಡು ಎರಡನೇ ಕೀರ್ತನೆಯ ಹೊತ್ತಿಗೆ ಒಳಗೆ ಬರುತ್ತಾಳೆ. ದೀಕ್ಷಾಸ್ನಾನ ಮಾಡಿಸಿಕೊಂಡವಳಲ್ಲ, ಮಾಡಿಸಿಕೊಳ್ಳುವ ಆಲೋಚನೆಯೂ ಅವಳಿಗಿಲ್ಲ. ಯಾಕೆ ಬರ್ತೀಯ ಎಂದು ಒಮ್ಮೆ ಕೇಳಿದ್ದೆ.

"ನಮ್ ದೇವ್ರು ಮನೇಲಿ ಐತೆ. ಸಂತೆಗೆ ಬಂದೋಳು ಇಲ್ಲಿರೋ ದೇವ್ರನ್ನೂ ಮಾತಾಡ್ಸಿ ಹೋಗಾಣ ಅಂತ. ಊರಿಗೆ ಬಂದು ಮಾತಾಡಿಸ್ದೆ ಹೋದ್ರೆ ಏನನ್ಕಂತೈತೆ ಹೇಳು" ಅಂದಳು. ದೇವತಾಶಾಸ್ತ್ರ ಓದಿದವರ ಬಾಯಲ್ಲೂ ಇಷ್ಟು ಸರಳ ಉತ್ತರ ನಾನು ಕೇಳಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಕಾಣಿಕೆ ಎತ್ತುವ ಮೊದಲು ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಂತು ಪರಿಚಯ ಮಾಡಿಕೊಳ್ಳಿ" ಅನ್ನುತ್ತಾರೆ. ಸಣ್ಣಕ್ಕ ಬಂದ ಮೊದಲ ವಾರ ಎದ್ದಳು, ಹೆಸರು ಹೇಳಿದಳು, ಊರು ಹೇಳಿದಳು, ಚಪ್ಪಾಳೆಯಾಯಿತು. ಇದು ಈ ಮನೆಯ ರಿವಾಜು ಎಂದುಕೊಂಡು ಮುಂದಿನ ವಾರವೂ ಎದ್ದಳು. ಅದರ ಮುಂದಿನ ವಾರವೂ. ಹೀಗೆ ನಾಲ್ಕೈದು ವರ್ಷದಿಂದ ಸಣ್ಣಕ್ಕ ವಾರವಾರ ಹೊಸಬಳು. "ಸಾಕಮ್ಮ, ನೀನೀಗ ಹಳಬಳು" ಎಂದು ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ತೋಚುವುದು ಹೇಗೆ, ಬೇರೆ ಹೊಸಬರು ಬರುತ್ತಲೇ ಇರಲಿಲ್ಲವಲ್ಲ. ಅವಳೊಬ್ಬಳಿಂದಲೇ ನಮ್ಮ ಸಭೆ ಬೆಳೆಯುತ್ತಿದೆ ಎಂಬ ಸಮಾಧಾನ ನಮಗೆ ಸಿಗುತ್ತಿತ್ತು.

ಅವಳ ಮೇಲೆ ದೂರೇನಾದರೂ ಇದ್ದರೆ ಅದು ಕಂಬಳಿಯದು. ಕುರಿ ವಾಸನೆ ಬರುತ್ತದೆ ಎಂದು ಸುಗುಣಮ್ಮ ಮೂಗಿಗೆ ಸೆರಗು ಹಿಡಿಯುತ್ತಾಳೆ. ವೇದಿಕೆಯ ಹಿಂದೆ ಕುರಿಮರಿ ಹೊತ್ತ ಒಳ್ಳೆಯ ಕುರುಬನ ದೊಡ್ಡ ಚಿತ್ರವಿದೆ. ಹಾಡುವ ಕೀರ್ತನೆಗಳಲ್ಲಿ ಅರ್ಧಕ್ಕರ್ಧ ಕುರಿ, ಹಿಂಡು, ಹಟ್ಟಿ. ಕ್ರಿಸ್ಮಸ್ ನಾಟಕದ ಕುರುಬರಿಗೆ ಹೊದಿಸಲು ಸಣ್ಣಕ್ಕನ ಕಂಬಳಿಗಳೇ ಬೇಕು. ಇಷ್ಟಾದರೂ ಕುರಿಗೊಂದು ವಾಸನೆ ಇರುತ್ತದೆ ಎಂಬ ಸಂಗತಿ ನಮ್ಮ ಗಮನಕ್ಕೆ ಬಂದಿರಲಿಲ್ಲ. ಚಿತ್ರದ ಕುರಿ ಯಾವತ್ತಾದರೂ ನಾತ ಹೊಡೆದಿದೆಯೇ.

ಹೀಗಿರುವಾಗ ಕುದಾಪುರದ ಕಡೆಯ ಯಾವುದೋ ಸಂಸ್ಥೆಗೆ ವರ್ಗವಾಗಿ ಬಂದ ವಿಜ್ಞಾನಿ ದಂಪತಿಗಳು ಒಂದು ಭಾನುವಾರ ಬಿಟ್ಟು ಮುಂದಿನ ಭಾನುವಾರ ಆರಾಧನೆಗೆ ಬರುತ್ತಾರೆಂದು ಸುದ್ದಿ ಬಂತು. ನಿಜವಾದ ಹೊಸಬರು! ಸಮಿತಿಗೆ ಜೀವ ಬಂತು. ಮುಂದೆ ಎರಡು ಸೋಫಾ, ಗಂಧದ ಹಾರ, ಶಾಲು. ಕಂಬಳಿಯ ಊರಿನಲ್ಲಿದ್ದುಕೊಂಡು ಪಾಲಿಯೆಸ್ಟರ್ ಶಾಲು ತಂದರು, ಅದು ಬೇರೆ ಮಾತು. ಕೊನೆಯಲ್ಲಿ ಸ್ವಾಮಿದಾಸರು ಗಂಟಲು ಸರಿಮಾಡಿಕೊಂಡರು.

"ಟೀಚರೇ, ಆ ಕಂಬಳಿಯಮ್ಮನಿಗೆ ಅದೊಂದ್ ವಾರ ಬರೋದು ಬೇಡ ಅಂತ ಹೇಳ್ಬಿಡಿ. ನಿಮಗೆ ಅವರ ಜೊತೆ ಮಾತು ಬಳಕೆ ಐತೆ."

"ಎಲ್ಲರನ್ನೂ ಸ್ವಾಗತಿಸೋ ಭಾನುವಾರ ಅಲ್ವಾ ಅದು" ಅಂದೆ.

"ಅದಕ್ಕೇ ಹೇಳಿದ್ದು. ಬಂದೋರಿಗೆ ಮುಜುಗರ ಆಗಬಾರ್ದು" ಅಂದರು. ತರ್ಕದಲ್ಲಿ ಸ್ವಾಮಿದಾಸರನ್ನು ಸೋಲಿಸಲು ಆಗುವುದಿಲ್ಲ.

ಒಂದೇ ವಾರ ತಾನೇ ಎಂದು ನೀವು ಅನ್ನಬಹುದು. ಸಣ್ಣಕ್ಕ ನಿಮಗೆ ಗೊತ್ತಿಲ್ಲ. ಬರಬೇಡ ಎಂದರೆ ಅವಳು ಜಗಳ ಆಡುವವಳಲ್ಲ, ಅಳುವವಳಲ್ಲ. ಆಯ್ತವ್ವ ಎಂದು, ಮತ್ತೆ ಯಾವತ್ತೂ ಬರದೇ ಇರುವವಳು. ನನಗೆ ಬೇಕಾಗಿದ್ದುದು ಅದೊಂದೇ: ಅವಳು ಬರುವುದು ನಿಲ್ಲಬಾರದು. ಇಡೀ ಚರ್ಚಿನಲ್ಲಿ ನನ್ನ ತವರನ್ನು ಎತ್ತಿ ಆಡದವಳು ಅವಳೊಬ್ಬಳೇ. ನನ್ನನ್ನು "ಅವ್ವ" ಅನ್ನುತ್ತಾಳೆ, ನನಗಿಂತ ಹತ್ತು ವರ್ಷ ದೊಡ್ಡವಳಾದರೂ.

ಅದರ ಹಿಂದಿನ ಭಾನುವಾರ ಬೆಳಿಗ್ಗೆ, ಆರಾಧನೆಗೆ ಮೊದಲು ಸಂತೆಗೆ ಹೋದೆ. ಅವಳು ಕಂಬಳಿ ಕೊಡವಿ ಮಡಚುತ್ತಿದ್ದಳು. "ಸಣ್ಣಕ್ಕ, ಬರೋ ಭಾನುವಾರ ನಮ್ಮ ಚರ್ಚಿಗೆ ಕುದಾಪುರದಿಂದ ಯಾರೋ ದೊಡ್ಡೋರು ಬರ್ತಾರಂತೆ, ಅದಕ್ಕೆ..." ಎಂದು ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ವಾಕ್ಯ ಪೂರ್ಣಗೊಳಿಸಿ ಎಂದು ಪಾಠ ಮಾಡಿದವಳಿಗೆ ಒಂದು ವಾಕ್ಯ ಪೂರ್ಣವಾಗಲಿಲ್ಲ.

"ನೆಂಟ್ರಾ?" ಅಂದಳು.

"ಹ್ಞೂಂ, ಒಂಥರಾ ಹಂಗೇ."

"ಅಯ್ಯೋ, ಒಳ್ಳೇದಾತು ಹೇಳಿದ್ದು. ಅವತ್ತು ಸಂತೆ ಬಿಟ್ಟು ಮೊದ್ಲೇ ಬರ್ತೀನಿ ತಗಾ" ಎಂದವಳ ಮುಖ ನೋಡಬೇಕಿತ್ತು. ಅವರ ಹಟ್ಟಿಯಲ್ಲಿ ನೆಂಟರು ಬರುತ್ತಾರೆ ಎಂಬ ಸುದ್ದಿಯನ್ನು ಮನೆಯವರಿಗೆ ಮಾತ್ರ ಮುಟ್ಟಿಸುವುದು. ಮುಟ್ಟಿತೆಂದರೆ ಕೆಲಸ ಬಿಟ್ಟು ಮೊದಲೇ ಬಂದು, ಬಂದವರು ಕೂರಲು ಕಂಬಳಿ ಹಾಸಬೇಕು. ಬರಬೇಡ ಎಂದು ಹೇಳಲು ಹೋದ ನಾನು, ನೀನು ನಮ್ಮ ಮನೆಯವಳು ಎಂದು ಹೇಳಿ ಬಂದಿದ್ದೆ. ತಿದ್ದಲು ಹೋಗಲಿಲ್ಲ. ಟೀಚರಾದವರು ಎಲ್ಲಾ ತಪ್ಪನ್ನೂ ತಿದ್ದಲೇಬೇಕೆಂದು ಎಲ್ಲೂ ಹೇಳಿಲ್ಲವಲ್ಲ.

ಆ ಭಾನುವಾರ ಸ್ವಾಮಿದಾಸರು ಗೇಟು ತೆಗೆಯುವ ಮೊದಲೇ ಸಣ್ಣಕ್ಕ ಹೊರಗೆ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆಗೆ ಉಡುವ ಸೀರೆ ಉಟ್ಟು, ಕಂಕುಳಲ್ಲಿ ಹೊಸಾ ಕರಿಕಂಬಳಿ. ನಾನು ಹೋಗುವಷ್ಟರಲ್ಲಿ ಅದು ಎರಡು ಸೋಫಾಗಳ ಮುಂದೆ, ಒಳ್ಳೆಯ ಕುರುಬನ ಚಿತ್ರದ ನೇರಕ್ಕೆ, ಒಂದು ಸುಕ್ಕಿಲ್ಲದೆ ಹಾಸಿಕೊಂಡು ಬಿದ್ದಿತ್ತು.

"ಹೇಳಿದ್ರಾ ಟೀಚರೇ?" ಎಂದು ಸ್ವಾಮಿದಾಸರು ಹಲ್ಲು ಕಚ್ಚಿ ಕೇಳಿದರು.

"ಹೇಳಿದೆ. ನೆಂಟರು ಬರ್ತಾರೆ ಅಂತ."

"ಅಷ್ಟೇನಾ?"

"ಅಷ್ಟೇ ಸಾಕಾಯ್ತು."

ಅವರು ಬಗ್ಗಿ ಕಂಬಳಿಯ ತುದಿಗೆ ಕೈ ಹಾಕಿದರು. ಸಣ್ಣಕ್ಕ ತಡೆದಳು. "ಮುಟ್ಬೇಡಪ್ಪ. ಹಾಸಿದ್ ಕಂಬ್ಳೀನ ನೆಂಟ್ರು ಕೂತು ಎದ್ಮೇಲೇ ಮಡಚೋದು. ಬರಿದೇ ಮಡಚಿದ್ರೆ ಮನೆಗೆ ಒಳ್ಳೇದಲ್ಲ." ಶಕುನ ನಂಬಬಾರದು ಎಂದು ಯುವಕ ಸಂಘದಲ್ಲಿ ಭಾಷಣ ಮಾಡುವ ಸ್ವಾಮಿದಾಸರು ಬಿಸಿ ಹಂಚು ಮುಟ್ಟಿದಂತೆ ಕೈ ಹಿಂದೆಗೆದುಕೊಂಡರು. ಎಷ್ಟಾದರೂ ಮನೆ ನಮ್ಮದಲ್ಲವೇ.

ಆರಾಧನೆ ಶುರುವಾಯಿತು. ಸೋಫಾ ಖಾಲಿ, ಕಂಬಳಿ ಖಾಲಿ. ಅಯ್ಯನವರು ಅವತ್ತಿಗೆಂದೇ ಆರಿಸಿಕೊಂಡಿದ್ದು ಔತಣದ ಕಥೆ: ಕರೆದವರು ನೆಪ ಹೇಳಿ ಬಾರದೆ ಹೋದಾಗ ಯಜಮಾನ ಬೀದಿಯವರನ್ನೆಲ್ಲ ಕರೆತಂದು ಕೂರಿಸಿದ್ದು. ನಾವು ಭಕ್ತಿಯಿಂದ ತಲೆದೂಗುತ್ತ, ಕರೆದವರು ಇನ್ನೂ ಯಾಕೆ ಬಂದಿಲ್ಲವೆಂದು ಬಾಗಿಲ ಕಡೆ ನೋಡುತ್ತಿದ್ದೆವು. ನಡುವೆ ಸ್ವಾಮಿದಾಸರ ಫೋನು ಅದುರಿತು. ಏನೋ ಕೆಲಸ ಬಿತ್ತಂತೆ, ಇನ್ನೊಮ್ಮೆ ನೋಡೋಣ ಅಂದರಂತೆ. ಗಂಧದ ಹಾರ ತಟ್ಟೆಯಲ್ಲೇ ಉಳಿಯಿತು. ಸುಗುಣಮ್ಮ ಶಾಲನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿದಳು, ಮುಂದೆ ಯಾರಿಗಾದರೂ ಆಗುತ್ತದೆ.

ಆಶೀರ್ವಾದ ಮುಗಿದರೂ ಯಾರೂ ಹೊರಡಲಿಲ್ಲ. ಆ ಕಂಬಳಿ ಹಾಗೇ ಇತ್ತಲ್ಲ. ಸಣ್ಣಕ್ಕ ಎದ್ದು ಮುಂದೆ ಬಂದಳು.

"ನೆಂಟ್ರು ಬರ್ಲಿಲ್ವಾ?"

"ಇಲ್ಲಮ್ಮ, ಅವ್ರಿಗೆ ಕೆಲಸ ಐತಂತೆ" ಎಂದರು ಬಾಗಿಲಲ್ಲಿದ್ದ ಸ್ವಾಮಿದಾಸರು. ಧ್ವನಿ ಸಣ್ಣದಾಗಿತ್ತು.

"ಹೋಗ್ಲಿ ಬಿಡು. ಬಾರಪ್ಪ, ನೀನು ಕೂತ್ಕ."

"ನಾನಾ?"

"ಹ್ಞೂಂ, ನೀನೇ. ನಾ ಬಂದಾಗ್ಲಿಂದ ನೋಡ್ತೀನಿ, ಯಾವಾಗ್ಲೂ ಬಾಗ್ಲಾಗೇ ನಿಂತಿರ್ತೀಯ. ಬಂದೋರೆಲ್ಲ ನಿಂಗೆ ಕೈ ಮುಗ್ದು ಒಳಗೆ ಹೋಗ್ತಾರೆ, ಒಬ್ರಾದ್ರೂ ನೀನೂ ಬಾ ಅನ್ನಲ್ಲ. ಪಾಪ, ಬಾಯಿಬಿಟ್ಟು ಕೇಳೋನೂ ಅಲ್ಲ ನೀನು. ಬಾ."

ಸ್ವಾಗತ ಸಮಿತಿಯ ಅಧ್ಯಕ್ಷರು ಅಲ್ಲೇ ನಿಂತರು. ನಗುವುದೋ ಸಿಟ್ಟಾಗುವುದೋ ಅವರಿಗೆ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚಿದರು. ಬಂದರು. ಕಂಬಳಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ವಿಜ್ಞಾನಿಗಳಿಗೆಂದು ತುಂಬಿಸಿಟ್ಟಿದ್ದ ನೀರಿನ ಲೋಟವನ್ನು ಸಣ್ಣಕ್ಕ ಎರಡೂ ಕೈಯಲ್ಲಿ ಕೊಟ್ಟಳು. ಅವರು ಗಟಗಟ ಕುಡಿದು, ಖಾಲಿ ಲೋಟವನ್ನು ಹಿಡಿದುಕೊಂಡೇ ತಲೆ ಬಗ್ಗಿಸಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನ ಸಿಟ್ಟು ಅವರ ಮೇಲೆ ಎಂದುಕೊಂಡಿದ್ದೆ. ಅವರೂ ನನ್ನ ಹಾಗೆ ಹೊಸ್ತಿಲಲ್ಲೇ ಉಳಿದವರು ಎಂದು ತಿಳಿದಿರಲಿಲ್ಲ.

ಮರುವಾರ ಎಲ್ಲವೂ ಸರಿಹೋಗಿತ್ತು ಎಂದು ಬರೆದರೆ ನೀವು ನಂಬಬೇಡಿ. ಸಮಿತಿ ಸೇರಿ, ಮಂಡಕ್ಕಿ ತಿಂದು, ಕಂಬಳಿಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿತು. ಆದರೆ ಸ್ವಾಮಿದಾಸರು ಜನ ಬಂದ ಮೇಲೆ ಒಳಗೆ ಬಂದು ಕೂತರು. ಸಣ್ಣಕ್ಕ ಎರಡು ಕುರ್ಚಿ ಸರಿಸಿ, ಕಂಬಳಿಯನ್ನು ಫ್ಯಾನಿನ ಕೆಳಗೇ ಹಾಸಿ ಕೂತಳು. ಆ ಫ್ಯಾನು ನನ್ನ ನಾದಿನಿಯ ಮನೆತನದ್ದು. ಸುಗುಣಮ್ಮ ಪಕ್ಕದಲ್ಲಿ ನಿಂತು ನಕ್ಕಳು. ಸಣ್ಣಕ್ಕ ತಿರುಗಿ ನೋಡಿ, ಅವಳಿಗಿಂತ ದೊಡ್ಡದಾಗಿ ನಕ್ಕಳು. ಆ ನಗು ಕೆಲಸ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾಣಿಕೆಗೆ ಮೊದಲು ಅಯ್ಯನವರು ಎಂದಿನಂತೆ, "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಿ" ಎಂದರು. ಜನ ಅಭ್ಯಾಸಬಲದಿಂದ ಚಪ್ಪಾಳೆಗೆ ಕೈ ಎತ್ತಿದರು. ಸಣ್ಣಕ್ಕ ಏಳಲಿಲ್ಲ. ನೆಂಟರಿಗೆ ಕಂಬಳಿ ಹಾಸಿದವಳು ಇನ್ನು ಹೊಸಬಳಾಗುವುದು ಹೇಗೆ. ಅವಳೂ ಹಿಂದಕ್ಕೆ ತಿರುಗಿ, ಯಾರು ಬಂದಿದ್ದಾರೋ ಎಂದು ಅಕ್ಕರೆಯಿಂದ ನೋಡುತ್ತಿದ್ದಳು. ಯಾರೂ ಬಂದಿರಲಿಲ್ಲ. ಎತ್ತಿದ ಕೈಗಳು ಗಾಳಿಯಲ್ಲೇ ಉಳಿದವು. ಅಯ್ಯನವರು ಸ್ವಾಮಿದಾಸರನ್ನು ನೋಡಿದರು, ಸ್ವಾಮಿದಾಸರು ಬಾಗಿಲನ್ನು ನೋಡಿದರು.

ನಾನು ಎದ್ದು ನಿಂತೆ.

"ನನ್ನ ಹೆಸರು ಕಮಲಾ. ಊರು ಮೊಳಕಾಲ್ಮೂರು. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು."

ಕೆಲವರು ನಕ್ಕರು. ಎತ್ತಿದ ಕೈಗಳಿಗೆ ಬೇರೆ ಕೆಲಸವಿಲ್ಲದ್ದರಿಂದ ಚಪ್ಪಾಳೆಯೂ ಬಿತ್ತು, ಸುಗುಣಮ್ಮನದು ಎಲ್ಲರಿಗಿಂತ ತಡವಾಗಿ. ಸಣ್ಣಕ್ಕ ಮಾತ್ರ ತಟ್ಟಲಿಲ್ಲ. ಪಕ್ಕಕ್ಕೆ ಜರುಗಿ, ಅಂಗೈಯಿಂದ ಕಂಬಳಿಯ ಧೂಳು ಸವರಿ, "ನಿಂತಿದ್ದು ಸಾಕು, ಬಾರವ್ವ" ಅಂದಳು.