ಏರಿಸಿದ ಶ್ರುತಿ

ಹೋದ ತಿಂಗಳು ಚಿಕ್ಕಬಳ್ಳಾಪುರದ ನೆಂಟರೊಬ್ಬರ ಮನೆಯಲ್ಲಿ ಅಟ್ಟದಿಂದ ಹಳೆಯದೊಂದು ಕಾಲು ಹಾರ್ಮೋನಿಯಂ ಇಳಿಸಿದರು. ಮಾರಲಿಕ್ಕೋ ಒಲೆಗೆ ಹಾಕಲಿಕ್ಕೋ ಅವರಿಗೇ ಗೊತ್ತಿರಲಿಲ್ಲ. ಕಾಲಿನಿಂದ ತಿದಿ ಒತ್ತಿದ ಕೂಡಲೆ ಹಳೆ ಚರ್ಮ, ನುಸಿಗುಳಿಗೆ, ಧೂಳು ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ನನಗೆ ನಮ್ಮ ಪಕ್ಕದ ಮನೆ ಅಕ್ಕ ನೆನಪಾದರು. ವಿಚಿತ್ರವೆಂದರೆ ಅವರು ಜನ್ಮದಲ್ಲಿ ಹಾರ್ಮೋನಿಯಂ ಮುಟ್ಟಿದವರೇ ಅಲ್ಲ...

ಆಗ ನಾವು ನಗರಗೆರೆಯಲ್ಲಿದ್ದೆವು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲಸ ಸಿಗದೆ, ಮೀಸೆಯೂ ಸರಿಯಾಗಿ ಬಾರದೆ ಊರಲ್ಲಿ ಕೂತಿದ್ದೆ. ಆ ಮೀಸೆಯ ದೆಸೆಯಿಂದಲೇ ಊರ ನಾಟಕದಲ್ಲಿ ಹೆಣ್ಣು ಪಾತ್ರವೆಂದರೆ ನಾನೇ. ಆ ವರ್ಷ ಗೌರಿಬಿದನೂರಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರೊಬ್ಬರು ಯಾವುದೋ ಹಳೆಯ ದುರಂತ ನಾಟಕವನ್ನು ಕನ್ನಡಕ್ಕೆ ತಿರುಗಿಸಿ, ಹೆಸರುಗಳನ್ನೆಲ್ಲ ನಮ್ಮವೇ ಮಾಡಿ, ನಮ್ಮ ಕೈಗೆ ಕೊಟ್ಟರು. ಒಬ್ಬ ಸೇನಾಪತಿ. ಅವನಿಗೆ ರಾಜನಾಗುವ ಆಸೆ ಇದೆ, ಧೈರ್ಯವಿಲ್ಲ. ಹೆಂಡತಿ ಅವನನ್ನು ಪುಸಲಾಯಿಸಿ, ಚುಚ್ಚಿ, ಮನೆಗೆ ಅತಿಥಿಯಾಗಿ ಬಂದು ಮಲಗಿದ ಮುದುಕ ರಾಜನನ್ನು ಕೊಲ್ಲಿಸುತ್ತಾಳೆ. ಕಿರೀಟ ಬರುತ್ತದೆ, ನೆಮ್ಮದಿ ಹೋಗುತ್ತದೆ. "ಒಬ್ಬ ದೇವ್ರೂ ಬರಲ್ಲ ಅಂದ್ಮೇಲೆ ಅದೆಂಥಾ ನಾಟಕ?" ಎಂದು ಊರ ಹಿರಿಯರು ಮೂಗು ಮುರಿದರು. ಪದ್ಯಗಳನ್ನು ಸೇರಿಸಿದ ಮೇಲೆ ಒಪ್ಪಿಕೊಂಡರು. ಪದ್ಯವಿದ್ದರೆ ನಮ್ಮವರು ಏನನ್ನಾದರೂ ನೋಡುತ್ತಾರೆ.

ಆ ಹೆಂಡತಿಯ ಪಾತ್ರ ನನ್ನದು. ನಾನು ಮನೆಯ ಹಿತ್ತಲಲ್ಲಿ ಮಾತು ಉರು ಹೊಡೆಯುತ್ತಿದ್ದರೆ ಗೋಡೆಯ ಆಚೆಯಿಂದ ಅಕ್ಕ ನಗುತ್ತಿದ್ದರು. ಹಿಂದೂಪುರದ ಕಡೆಯ ಹೆಣ್ಣುಮಗಳು, ಮಾತಿಗೊಮ್ಮೆ ತೆಲುಗು ಇಣುಕುತ್ತಿತ್ತು. ಒಂದು ದಿನ ತಡೆಯಲಾರದೆ ಗೋಡೆಯ ಮೇಲೆ ಮೊಣಕೈ ಊರಿ ಹೇಳಿದರು.

"ಅಯ್ಯೋ ರಾಮ, ಹಂಗೆ ಅರಚಿದ್ರೆ ಯಾವ ಗಂಡ್ಸು ಮಾತು ಕೇಳ್ತಾನಪ್ಪಾ? ಮೊದ್ಲು ಹೊಗಳು. ಹೊಗಳ್ತಾ ಹೊಗಳ್ತಾ, 'ಬಿಡು, ನಿನ್ ಕೈಲಾಗಲ್ಲ' ಅನ್ನು. ಆಮೇಲೆ ಬಾಯಿ ಮುಚ್ಕೊಂಡು ಮುದ್ದೆ ಬಡಿಸು. ಉಳಿದಿದ್ದು ಅವನೇ ಮಾಡ್ಕೊಳ್ತಾನೆ."

ನನಗೆ ಅಭಿನಯ ಕಲಿಸಿದವರು ಮೇಷ್ಟ್ರಲ್ಲ, ಅಕ್ಕ. ಕಣ್ಣು ಯಾವಾಗ ಎತ್ತಬೇಕು, ಯಾವಾಗ ಸೆರಗು ಸರಿಮಾಡಿಕೊಂಡು ಸುಮ್ಮನಾಗಬೇಕು, ಎಲ್ಲ ಹೇಳಿಕೊಟ್ಟರು. ಪಾತ್ರಕ್ಕೆಂದು ತಮ್ಮ ಮದುವೆಯ ಧರ್ಮಾವರದ ಸೀರೆಯನ್ನೇ ಕೊಟ್ಟರು. ಇಷ್ಟೊಂದು ಉತ್ಸಾಹ ಯಾಕೆಂದು ನಾನು ಯೋಚಿಸಲಿಲ್ಲ.

ಸೇನಾಪತಿಯ ಪಾತ್ರ ಅಕ್ಕನ ಭಾವನವರದು. ನಾವೆಲ್ಲ ಅವರನ್ನು ದೊಡ್ಡಣ್ಣ ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನನ್ನು, ಅಂದರೆ ಅಕ್ಕನ ಗಂಡನನ್ನು, ತಾವೇ ಸಾಕಿ ಮದುವೆ ಮಾಡಿದ್ದರು. ಅವರಿಗೆ ಇದ್ದದ್ದು ಕಂಠವೊಂದೇ. ಬೆಳಗಿನ ಜಾವ ಬಾವಿಯಲ್ಲಿ ನೀರು ಸೇದುತ್ತಾ ಅವರು ಪದ್ಯ ಎತ್ತಿಕೊಂಡರೆ ಕೇರಿ ಏಳುತ್ತಿತ್ತು. ಎಷ್ಟೋ ವರ್ಷಗಳಿಂದ ನಾಟಕದ ಮುಖ್ಯ ಪಾತ್ರ ಅವರ ಬಳಿಯೇ ಇತ್ತು. ತಮ್ಮನೂ ಚೆನ್ನಾಗಿಯೇ ಹಾಡುತ್ತಿದ್ದರು, ಆದರೆ ಅವರಿಗೆ ಸಿಗುತ್ತಿದ್ದದ್ದು ದ್ವಾರಪಾಲಕನ ಕೆಲಸ. ಊರಲ್ಲಿ ಅವರಿಗೆ ಸ್ವಂತ ಹೆಸರೇ ಇದ್ದಂತಿರಲಿಲ್ಲ. 'ಅವರ ತಮ್ಮ' ಅಷ್ಟೆ. ಅದು ಅಕ್ಕನನ್ನು ಒಳಗೊಳಗೇ ಸುಡುತ್ತಿತ್ತು ಎಂದು ಆಮೇಲೆ ತಿಳಿಯಿತು.

ಹಾರ್ಮೋನಿಯಂ ಮೇಷ್ಟ್ರು ಚಿಂತಾಮಣಿಯ ಕಡೆಯಿಂದ ಬಂದು ತಿಂಗಳುಗಟ್ಟಲೆ ಊರಲ್ಲೇ ಇದ್ದರು. ಪಾತ್ರಧಾರಿಗಳ ಮನೆಗಳಲ್ಲಿ ಸರದಿಯ ಮೇಲೆ ಊಟ, ಅದು ಪದ್ಧತಿ. ಅಕ್ಕ ಬೇರೆಯವರ ಸರದಿಯನ್ನೂ ತಾವೇ ತೆಗೆದುಕೊಳ್ಳತೊಡಗಿದರು. ಒಬ್ಬಟ್ಟು, ಹುರುಳಿ ಬಸ್ಸಾರು, ತುಪ್ಪ... ಮೇಷ್ಟ್ರು ಕೆನೆ ಕಂಡ ಬೆಕ್ಕಿನಂತೆ ಆ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಊರ ಗಂಡಸರ ಮುಂದೆ ನಡೆಯುವ ಕೊನೆಯ ತಾಲೀಮು ಆಂಜನೇಯನ ಗುಡಿಯ ಮುಂದೆ ಸಂಜೆ ಶುರುವಾಯಿತು. ನಮ್ಮಲ್ಲೊಂದು ಕಟ್ಟಳೆ ಇತ್ತು. ಶ್ರುತಿ ಹಿಡಿಯುವುದು ಮೇಷ್ಟ್ರ ಕೆಲಸ. ಹಿಡಿದ ಮೇಲೆ 'ಇಳಿಸಿ' ಎಂದು ಯಾವ ನಟನೂ ಕೇಳಬಾರದು. ಕೇಳಿದನೆಂದರೆ ಅವನ ಕಾಲ ಮುಗಿಯಿತು, ಮತ್ತೆ ಬಣ್ಣ ಹಚ್ಚುವ ಹಾಗಿಲ್ಲ. ಹೆಂಗಸರು ತಾಲೀಮಿನ ಕಡೆ ಸುಳಿಯುತ್ತಿರಲಿಲ್ಲ, ಹಾಗಾಗಿ ಅವರಿಗೆ ಇದು ಗೊತ್ತಿರಲಿಲ್ಲ.

ಮಲಗಿದ ರಾಜನ ಕೋಣೆಯ ಬಾಗಿಲಲ್ಲಿ ಸೇನಾಪತಿ ನಿಂತು ಹಾಡುವ ಪದ್ಯ. ಮೇಷ್ಟ್ರು ದಿನದ ಶ್ರುತಿಗಿಂತ ಎರಡು ಮನೆ ಮೇಲೆ, ಎರಡು ಕೀಲಿಯಷ್ಟು ಎತ್ತರಕ್ಕೆ, ಹಿಡಿದರು. ದೊಡ್ಡಣ್ಣ ಒಮ್ಮೆ ಹಾರ್ಮೋನಿಯಂ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಎತ್ತಿಕೊಂಡರು. ನಾನು ನನ್ನ ಸರದಿಗೆ ಕಾಯುತ್ತಾ ಪಕ್ಕದಲ್ಲೇ ನಿಂತಿದ್ದೆ. ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಮೇಲಿನ ಸ್ವರಕ್ಕೆ ಹೋದಾಗ ದನಿ ಬಟ್ಟೆಯ ಹಾಗೆ ಪರ್ರೆಂದು ಹರಿಯಿತು. ಅವರು ಬಿಡಲಿಲ್ಲ, ಹರಿದ ದನಿಯಲ್ಲೇ ಪದ್ಯ ಮುಗಿಸಿದರು. ಟವಲಿನಿಂದ ಬಾಯಿ ಒರೆಸಿಕೊಂಡಾಗ ಅದರ ಮೇಲೆ ಕೆಂಪಗೆ ಕಂಡಿತು.

ಗೌರಿಬಿದನೂರಿನ ಡಾಕ್ಟರು ಮಾತಾಡಬೇಡಿ ಎಂದರು. ಹಾಡುವುದಂತೂ ಇನ್ನು ಇಲ್ಲವೇ ಇಲ್ಲ. ಅವರ ಗಂಟಲಲ್ಲಿ ಗಾಳಿ ಆಡಿದಂಥ ಪಿಸುದನಿಯೊಂದು ಉಳಿಯಿತು, ಅಷ್ಟೆ.

ಪಾತ್ರ ತಮ್ಮನಿಗೆ ಹೋಯಿತು. ಸುಳ್ಳು ಹೇಳಬಾರದು, ಅವರು ಚೆನ್ನಾಗಿ ಮಾಡಿದರು. ಜನ ಹಾರ ಹಾಕಿದರು. ಅಕ್ಕ ಬೇಡಿದ್ದೆಲ್ಲ ಸಿಕ್ಕಿತು. ಕೊನೆಯ ಅಂಕದಲ್ಲಿ ರಾಣಿಯಾದ ಆ ಹೆಂಡತಿಗೆ ಸತ್ತ ಮುದುಕ ರಾಜ ನೀರು ಕೇಳುವ ದನಿ ಕೇಳಿಸುತ್ತದೆ, ಬೇರೆ ಯಾರಿಗೂ ಕೇಳಿಸುವುದಿಲ್ಲ. ನಾನು ಕಿವಿ ಮುಚ್ಚಿಕೊಂಡು "ಯಾರಾದರೂ ಅವನಿಗೆ ನೀರು ಕೊಡಿ" ಎಂದು ಕೂಗಿದಾಗ ಹೆಂಗಸರ ಕಡೆಯಿಂದ ಅಕ್ಕ ಎದ್ದು, ಜನರನ್ನು ತುಳಿದುಕೊಂಡೇ ಹೊರಗೆ ಹೋದದ್ದು ಗ್ಯಾಸ್ ಲೈಟಿನಲ್ಲಿ ಕಂಡಿತು.

ಎರಡು ದಿನ ಬಿಟ್ಟು ಸೀರೆ ವಾಪಸು ಕೊಡಲು ಹೋದೆ. ಅಕ್ಕ ಅದನ್ನು ಮುಟ್ಟಲಿಲ್ಲ.

"ನನ್ಗೆ ಬೇಡಪ್ಪ ಅದು. ಶ್ರುತಿ ಏರ್ಸಿ ಅಂತ ಮೇಷ್ಟ್ರಿಗೆ ಹೇಳಿದ್ದು ನಾನೇ. ಭಾವನೋರೇ 'ನನ್ ಕೈಲಾಗಲ್ಲ, ತಮ್ಮನಿಗೆ ಕೊಡಿ' ಅಂತಾರೆ, ಯಾರ್ಗೂ ನೋವಾಗಲ್ಲ ಅಂದ್ಕೊಂಡೆ. ಕೇಳೋ ಹಾಗಿಲ್ಲ ಅಂತ ನನ್ಗೇನ್ ಗೊತ್ತು? ಇವ್ರಿಗೆ ಹೇಳ್ಬೇಡ ಕಣಪ್ಪ, ಅಣ್ಣ ಅಂದ್ರೆ ಪ್ರಾಣ, ಸತ್ತೇ ಹೋಗ್ತಾರೆ."

ನನಗೆ ಸಿಟ್ಟು ಬಂತು. ಅವರ ಮುಖ ನೋಡಿ ಬೈಯಲಾಗಲಿಲ್ಲ. ಕಟ್ಟಳೆ ಗೊತ್ತಿದ್ದೂ ಶ್ರುತಿ ಏರಿಸಿದ ಆ ಹಾರ್ಮೋನಿಯಂ ಮೇಷ್ಟ್ರ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ.

ದೊಡ್ಡಣ್ಣನಿಗೆ ಕೂಗಿ ಕರೆಯಲಾಗುತ್ತಿರಲಿಲ್ಲ. ಏನಾದರೂ ಬೇಕಾದರೆ ಹಿತ್ತಾಳೆ ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದರು. ಅಕ್ಕ ಆಮೇಲೆ ಹುಟ್ಟಿದ ಮಗುವಿಗೆ ಹಾಲು ಕೊಡುತ್ತಿದ್ದರೂ ಬಿಟ್ಟು ಓಡುತ್ತಿದ್ದರು. ಆ ಮನೆಗೆ ಎಂಥ ಸೊಸೆ ಬಂದಳು ಎಂದು ಊರು ಹೊಗಳಿತು. ಹೊಗಳಿದಾಗಲೆಲ್ಲ ಅವರು ಇಷ್ಟಿಷ್ಟೇ ಕುಗ್ಗುತ್ತಿದ್ದರು. ಮುಂಜಾನೆ ಬಾವಿಯ ಹತ್ತಿರ ಗಡಗಡೆಯ ಸದ್ದು ಮಾತ್ರ ಕೇಳುತ್ತಿತ್ತು. ಗೋಡೆಯ ಮೇಲೆ ಮೊಣಕೈ ಊರಿ ನಗುತ್ತಿದ್ದ ಹೆಂಗಸು ಮತ್ತೆ ಕಾಣಲಿಲ್ಲ.

ನನಗೆ ಶಿಡ್ಲಘಟ್ಟದಲ್ಲಿ ನೌಕರಿಯಾಯಿತು. ಎಷ್ಟೋ ಕಾಲದ ಮೇಲೆ, ದೊಡ್ಡಣ್ಣ ತೀರಿಕೊಂಡ ಸುದ್ದಿ ಕೇಳಿ ಹೋದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದರು. ಭಾವ ಸಾಯುವ ಮುಂಚೆ ಅವರ ಕಾಲು ಹಿಡಿದು ಎಲ್ಲ ಹೇಳಿಬಿಟ್ಟಿದ್ದರಂತೆ.

"ಅದಕ್ಕೆ ಏನಂದ್ರು ಗೊತ್ತಾ? 'ಗೊತ್ತಿತ್ತಮ್ಮಾ. ನೀನು ಮೇಷ್ಟ್ರಿಗೆ ಅನ್ನ ಹಾಕ್ತಿದ್ದಿದ್ದು ಕಾಣ್ತಿರ್ಲಿಲ್ವಾ? ಏರ್ಸಿದ್ದು ತಿಳೀಲಿಲ್ವಾ? ಬಾಯಿ ಬಿಟ್ಟು ಇಳ್ಸು ಅನ್ನೋಕೆ ಆಗ್ಲಿಲ್ಲ, ತಪ್ಪು ನಂದೇ' ಅಂದ್ರು. ಅಷ್ಟು ವರ್ಷ ಗೊತ್ತಿದ್ದೂ ನನ್ ಕೈಯಿಂದ ನೀರು ಕುಡಿದ್ರಪ್ಪ. ಒಂದ್ಸಲ ಬೈದಿದ್ರೆ ಬದುಕ್ಕೊಳ್ತಿದ್ದೆ."

ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಅವರದು ಒಂದೇ ಬೇಡಿಕೆ. "ಆ ಬಾಗ್ಲ ಹತ್ರದ ಪದ್ಯ, ಭಾವನೋರು ಹೆಂಗೆ ಎತ್ಕೊಳ್ತಿದ್ರು? ನೀನು ಪಕ್ಕದಲ್ಲೇ ಇದ್ಯಲ್ಲ, ಒಂದ್ಸಲ ಹಾಡಪ್ಪ." ನಾನು ಹಾಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, "ಹಂಗಲ್ಲಪ್ಪ... ಹಂಗಲ್ಲ" ಎನ್ನುತ್ತಿದ್ದರು. ಇನ್ನೊಮ್ಮೆ ಹಾಡುತ್ತಿದ್ದೆ. ಅದೂ ಹಾಗಲ್ಲ.

ಅಕ್ಕ ಹೋಗಿ ಬಹಳ ವರ್ಷವಾಯಿತು. ಅವರ ಗಂಡನೂ ಇಲ್ಲ. ಅವರಿಗೆ ಕೊನೆಯವರೆಗೂ ವಿಷಯ ತಿಳಿಯಲಿಲ್ಲ. ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಮಕ್ಕಳೆಲ್ಲ ಪೀಡಿಸಿದರೆಂದು ಆ ಪದ್ಯವನ್ನೇ ಹಾಡಿದೆ. ದನಿ ನಡುಗಿತು, ಎರಡನೆಯ ಸಾಲು ಮರೆತೇ ಹೋಗಿತ್ತು, ಏನೋ ಸೇರಿಸಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ತುಂಬಾ ಚೆನ್ನಾಗಿತ್ತು ತಾತ ಅಂದರು. ಹಂಗಲ್ಲ ಎಂದು ಹೇಳುವವರು ಒಬ್ಬರೂ ಇರಲಿಲ್ಲ.